ಒಂದೂವರೆ ಸಾಲು

"ನಿಮ್ಮ ಯಂತ್ರ ಸತ್ತಿದೆ. ಹೆಣ ಎತ್ತೋಕೆ ಬಂದ್ರಾ?"

ಅವಳು ಹೆಗಲ ಮೇಲಿನ ಚೀಲವನ್ನು ಇನ್ನೂ ಇಳಿಸಿರಲಿಲ್ಲ. ಊರಿಗೆಲ್ಲ ನೀರು ಹತ್ತಿಸುವ ಪಂಪ್ ಮನೆಯ ಬಾಗಿಲಿಗೆ ಅಡ್ಡವಾಗಿ ನಿಂತಿದ್ದ ಆ ಮನುಷ್ಯ, ಅಂಗೈಯ ಗ್ರೀಸನ್ನು ಹಳೇ ಬಟ್ಟೆಗೆ ಒರೆಸಿಕೊಳ್ಳುತ್ತ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದ.

ಅವಳಿಗೆ ಮೂಗಿನ ತುದಿಗೆ ಸಿಟ್ಟು ಬಂತು.

"ಸತ್ತಿಲ್ಲ. ತಾನಾಗಿ ನಿಂತಿದೆ."

"ಎರಡಕ್ಕೂ ಏನು ವ್ಯತ್ಯಾಸ? ಬೆಳಗಿನಿಂದ ಕೈಯಲ್ಲೇ ಚಕ್ರ ತಿರುಗಿಸಿ ಊರಿಗೆ ನೀರು ಬಿಡ್ತಾ ಇದ್ದೀನಿ!"

"ವ್ಯತ್ಯಾಸ ಗೊತ್ತಿದ್ದಿದ್ರೆ ನೀವು ನನ್ನ ಕುರ್ಚಿಯಲ್ಲಿ ಕೂತಿರ್ತಿದ್ರಿ. ಸ್ವಲ್ಪ ದಾರಿ ಬಿಡಿ."

ಅವನು ಪಕ್ಕಕ್ಕೆ ಸರಿದ. ಸರಿಯುವಾಗ ಮೀಸೆಯ ಮರೆಯಲ್ಲಿ ಸಣ್ಣದೊಂದು ನಗು ಸುಳಿದದ್ದು ಅವಳ ಕಣ್ಣಿಗೆ ಬೀಳದೇ ಇರಲಿಲ್ಲ.

ಒಳಗೆ ಹೋಗಿ ನೋಡಿದರೆ... ಪಂಪು, ವಾಲ್ವುಗಳನ್ನು ನಡೆಸುವ ಕಂಪ್ಯೂಟರಿನ ಪರದೆ ಪೂರ್ತಿ ಕಪ್ಪು!

"ಅಯ್ಯೋ! ಯಾರು ಸ್ವಿಚ್ ಆರಿಸಿದ್ದು?"

"ನಮ್ಮ ಮೇಲ್ವಿಚಾರಕರು. ಆರಿಸಿ ಹಾಕಿದ್ರೆ ಸರಿಹೋಗುತ್ತೆ ಅಂದ್ರು. ಆರಿಸಿದ್ರು, ಹಾಕೋ ಧೈರ್ಯ ಬರಲಿಲ್ಲ."

ಅವಳು ಅಲ್ಲೇ ಸ್ಟೂಲಿನ ಮೇಲೆ ಕುಸಿದಳು. ಯಂತ್ರ ನಿಲ್ಲುವ ಮೊದಲು ತನಗೆ ಏನಾಯಿತೆಂದು ಪರದೆಯ ಮೇಲೆ ಬರೆದು ನಿಲ್ಲುತ್ತದೆ. ಆ ಕಡೆಯ ಮಾತು ಓದಲೆಂದೇ ಅವಳು ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ಅದೇ ಅಳಿಸಿಹೋದ ಮೇಲೆ ರೋಗ ಎಲ್ಲಿ ಅಂತ ಹುಡುಕೋದು?

"ಪರದೆ ಮೇಲೆ ಏನೋ ಇತ್ತಲ್ವಾ... ಒಂದು ಪದವಾದ್ರೂ ನೆನಪಿದೆಯಾ?"

ಅವನು ಮೇಜಿನ ಮೇಲಿದ್ದ ಉದ್ದನೆಯ ದಾಖಲೆ ಪುಸ್ತಕ ತೆರೆದು ಅವಳ ಮುಂದೆ ಇಟ್ಟ.

ಎರಡು ಪುಟ. ನಲವತ್ತೊಂದು ಸಾಲು. ಅಂಕಿ, ಅಕ್ಷರ, ಮತ್ತೆ ಅಂಕಿ... ಪರದೆಯ ಮೇಲಿದ್ದದ್ದೆಲ್ಲ ನೀಲಿ ಶಾಯಿಯಲ್ಲಿ, ಒಂದು ಚಿತ್ತೂ ಇಲ್ಲದೆ!

"ಇದನ್ನೆಲ್ಲ... ನೀವು ಬರೆದ್ರಾ? ಅರ್ಥ ಗೊತ್ತಾ ನಿಮಗೆ?"

"ಒಂದಕ್ಷರ ಗೊತ್ತಿಲ್ಲ."

"ಮತ್ತೆ ಯಾಕೆ ಬರೆದ್ರಿ?"

ಅವನು ಭುಜ ಕುಣಿಸಿದ. "ಅಷ್ಟೊಂದು ಹೇಳ್ತಾ ಇತ್ತು. ಯಾರಾದ್ರೂ ಬರ್ಕೊಳ್ಳಬೇಕಲ್ಲ ಪಾಪ."

ನೋಡಿ, ಪ್ರೀತಿ ಯಾವ ಬಾಗಿಲಿನಿಂದ ಬರುತ್ತದೆಂದು ಭಗವಂತನೊಬ್ಬನೇ ಬಲ್ಲ. ಅವಳಿಗೆ ಅದು ಬಂದದ್ದು ಆ ಒಂದು 'ಪಾಪ' ಎಂಬ ಮಾತಿನಿಂದ. ಅದು ಬಂದ ಬಾಗಿಲನ್ನು ಮುಂದೊಂದು ದಿನ ತನ್ನ ಕೈಯಿಂದಲೇ ಮುಚ್ಚುತ್ತೇನೆಂದು ಅವಳಿಗೆ ಅಂದು ಗೊತ್ತಿರಲಿಲ್ಲ.

* * *

ಪಂಪ್ ಮನೆಯಲ್ಲಿ ಎಲ್ಲರೂ ಅವನನ್ನು ಚಿತ್ರಗುಪ್ತ ಎಂದೇ ಕರೆಯುತ್ತಿದ್ದರು. ಗಂಟೆಗೊಮ್ಮೆ ತೊಟ್ಟಿಯ ಮಟ್ಟ, ಪಂಪಿನ ಒತ್ತಡ, ಬೇರಿಂಗಿನ ಬಿಸಿ... ಕಂಡದ್ದೆಲ್ಲ ಪುಸ್ತಕಕ್ಕೆ. ಅದು ಅವನಪ್ಪನಿಂದ ಬಂದ ಚಟ. ಅಪ್ಪ ಅದೇ ಪಂಪ್ ಮನೆಯಲ್ಲಿ ಮೂವತ್ತೆಂಟು ವರ್ಷ ದುಡಿದು, ಒಂದು ದಿನವೂ ಕುರ್ಚಿಯಲ್ಲಿ ತೂಕಡಿಸಲಿಲ್ಲವೆಂದು ಹೆಸರು ಪಡೆದು ನಿವೃತ್ತರಾದವರು.

ಅವಳು ಕಂಪ್ಯೂಟರಿನ ಕರ್ನಲ್ ಬರೆಯುವವಳು. ನೀರು ಸರಬರಾಜಿನ ಯಂತ್ರಗಳನ್ನು ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಕೆಲಸ. ಅವಳು ವಾರಕ್ಕೊಮ್ಮೆ ಬಂದು ಯಂತ್ರದ ನಾಡಿ ನೋಡುವುದರಿಂದ ಚಿತ್ರಗುಪ್ತ ಅವಳಿಗೆ 'ಡಾಕ್ಟರಮ್ಮ' ಎಂದು ಹೆಸರಿಟ್ಟ.

"ಅಲ್ಲ ಡಾಕ್ಟರಮ್ಮ, ಈ ಕರ್ನಲ್ ಅಂದ್ರೆ ಏನು? ಸಾವಕಾಶವಾಗಿ ಹೇಳಿ, ಬರ್ಕೊಳ್ಳೋದಿಲ್ಲ."

ಅವಳು ನಕ್ಕಳು. "ಮನೇಲಿ ಯಜಮಾನ ಇರ್ತಾನಲ್ಲ, ಹಾಗೆ. ಯಾರಿಗೆ ಎಷ್ಟು ಜಾಗ, ಯಾರ ಸರದಿ ಯಾವಾಗ, ಉಗ್ರಾಣದ ಬೀಗದ ಕೈ ಯಾರಿಗೆ... ಎಲ್ಲ ಅವನೇ. ಉಳಿದ ಪ್ರೋಗ್ರಾಮುಗಳು ಮಕ್ಕಳು ಇದ್ದಂತೆ. ಒಂದು ಮಗು ತಪ್ಪು ಮಾಡಿದ್ರೆ ಅದನ್ನಷ್ಟೇ ಹೊರಗೆ ಕಳಿಸ್ತಾನೆ, ಮನೆ ನಡೀತಾ ಇರುತ್ತೆ."

"ಯಜಮಾನನ ತಲೆಯೇ ಕೆಟ್ರೆ?"

"ಅದೇ ಪ್ರಶ್ನೆ! ಅವನ ಮೇಲೆ ಇನ್ನೊಬ್ಬರು ಇಲ್ಲ. ತನ್ನ ನೆನಪಿನಲ್ಲೇ ಏನೋ ಕೆಟ್ಟಿದೆ ಅಂತ ಗೊತ್ತಾದ ಕ್ಷಣ, ಒಳ್ಳೆಯ ಕರ್ನಲ್ ಕೈ ಕಟ್ಟಿ ನಿಂತುಬಿಡುತ್ತೆ. ಡಿಸ್ಕಿಗೂ ಏನೂ ಬರೆಯೋದಿಲ್ಲ. ತಪ್ಪು ನೆನಪಿನಿಂದ ಬರೆದ್ರೆ ಇದ್ದ ಸರಿಯೂ ಹಾಳಾಗುತ್ತಲ್ಲ! ಆಗಿದ್ದನ್ನ ಪರದೆ ಮೇಲೆ ಹೇಳಿ ಸುಮ್ಮನಾಗುತ್ತೆ. ಇದಕ್ಕೆ ಪ್ಯಾನಿಕ್ ಅಂತ ಹೆಸರು. ಹೆಸರು ಇಟ್ಟೋರಿಗೆ ಗಾಬರಿ ಅನ್ನಿಸಿರಬೇಕು. ನನಗೆ ಮಾತ್ರ ಅದು ವಿವೇಕ ಅನ್ನಿಸುತ್ತೆ."

ಚಿತ್ರಗುಪ್ತ ಗುಂಯ್ ಎನ್ನುವ ಪಂಪಿನ ಮೇಲೆ ಕೈಯಿಟ್ಟ.

"ತನಗೆ ತಪ್ಪಿದೆ ಅಂತ ಗೊತ್ತಾದ ಕೂಡಲೇ ನಿಲ್ಲೋದು... ಮನುಷ್ಯರಿಗೆ ಬರೋದಿಲ್ಲ ನೋಡಿ ಇದು."

ಈ ಮಾತು ಅವಳಿಗೆ ಮೂರು ವರ್ಷಗಳ ನಂತರ ನೆನಪಾಗಲಿತ್ತು.

ಯಂತ್ರ ನಿಂತರೆ ಏನು ಮಾಡಬೇಕೆಂದು ಅವಳೇ ಅವನಿಗೆ ಪಾಠ ಹೇಳಿದ್ದಳು. ನಿಂತ ಯಂತ್ರ ಹಾಗೆಯೇ ಇರುತ್ತದೆ, ಯಾರೂ ಮುಟ್ಟಬಾರದು. ಮೊದಲು ಪರದೆಯ ಮಾತು ಬರೆದುಕೊಳ್ಳಬೇಕು. ಆಮೇಲೆ ಕೆಳಗಿಳಿದು ಒಳಹರಿವಿನ ವಾಲ್ವನ್ನು ಕೈಯಿಂದ ಮುಚ್ಚಬೇಕು. ಅಲ್ಲಿಂದ ಅಂಗಳದ ಆ ತುದಿಗೆ ಹೋಗಿ ನೀರಿನ ಹೊರಗಿನ ಗೇಟನ್ನೂ ಮುಚ್ಚಬೇಕು. ಯಂತ್ರದಲ್ಲಿ ಯಾರೇ ಏನೇ ಬದಲಾಯಿಸಿದರೂ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಈ ಕಡೆಯ ನಿಯಮ ಚಿತ್ರಗುಪ್ತನ ಅಪ್ಪನ ಕಾಲದ್ದು.

ವಾರಕ್ಕೊಮ್ಮೆ ಬರುತ್ತಿದ್ದವಳು ಎರಡು ಸಲ ಬರತೊಡಗಿದಳು. ಅವಳನ್ನು ಸಾಕಿ ಬೆಳೆಸಿದ ಚಿಕ್ಕಮ್ಮನ ಕಣ್ಣಿಗೆ ಮಣ್ಣೆರಚುವುದು ಸುಲಭವಿರಲಿಲ್ಲ.

"ಪುಟ್ಟೀ, ಆ ಯಂತ್ರಕ್ಕೆ ದಿನಾ ಜ್ವರ ಬರುತ್ತಾ?"

"ಸ್ವಲ್ಪ ಸೂಕ್ಷ್ಮ ಚಿಕ್ಕಮ್ಮಾ, ಅದು."

"ಹೂಂ. ನಿನ್ನ ಮುಖ ನೋಡಿದ್ರೆ ಅಂಟುರೋಗ ಅನ್ಸುತ್ತೆ."

* * *

ತಪ್ಪು ನಡೆದದ್ದು ಸಂತೋಷದ ದಿನದಲ್ಲಿ.

ಕಂಪನಿಯ ಯಜಮಾನರು ಅವಳನ್ನು ಕರೆದು ಹೇಳಿದ್ದರು. "ಯಂತ್ರ ನಿಂತು ಗಂಟೆಗಟ್ಟಲೆ ಬಿದ್ದಿರುತ್ತೆ ಅಂತ ಎಲ್ಲಾ ಕಡೆಯಿಂದ ದೂರು. ನಿಂತ ಹತ್ತು ಸೆಕೆಂಡಿಗೆ ತಾನೇ ಮತ್ತೆ ಶುರುವಾಗೋ ಹಾಗೆ ಮಾಡಮ್ಮ. ಒಂದು ಅಂಕಿ ಬದಲಾಯಿಸೋ ಕೆಲಸ, ಅಲ್ವಾ?"

ನಿಜ, ಒಂದೇ ಅಂಕಿ. ಸೊನ್ನೆ ಇದ್ದರೆ ಯಂತ್ರ ನಿಂತಲ್ಲೇ ನಿಂತು ಕಾಯುತ್ತದೆ. ಹತ್ತು ಎಂದು ಬರೆದರೆ ಹತ್ತು ಸೆಕೆಂಡು ಎಣಿಸಿ ಎಲ್ಲ ಅಳಿಸಿ ಹೊಸದಾಗಿ ಏಳುತ್ತದೆ.

ಅಂದು ಸಂಜೆ ಅವಳು ಪಂಪ್ ಮನೆಗೆ ಬಂದು ಸೊನ್ನೆಯನ್ನು ಹತ್ತು ಮಾಡಿದಳು. ಪುಸ್ತಕದಲ್ಲಿ ಬರೆಯೋಣ ಎಂದು ಪೆನ್ನು ತೆಗೆದಳು. ಅಷ್ಟರಲ್ಲಿ ಅವನು ತೊಟ್ಟಿಯ ಮೆಟ್ಟಿಲ ಮೇಲಿನಿಂದ ಕೂಗಿದ.

"ಡಾಕ್ಟರಮ್ಮಾ, ಒಂದು ನಿಮಿಷ ಬರ್ತೀರಾ?"

ತುಂಬಿದ ತೊಟ್ಟಿಯ ನೀರಿನ ಮೇಲೆ ಮುಳುಗುವ ಸೂರ್ಯನ ಕೆಂಪು ಹರಡಿತ್ತು. ಅವನು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಂದೆ ಕಟ್ಟಿಕೊಂಡಿದ್ದ.

"ಎಲ್ಲಾ ಬರೆದಿಡೋ ನನಗೆ ಇದೊಂದು ಮಾತ್ರ ಬರೆಯೋಕೆ ಬರಲಿಲ್ಲ. ಬಾಯಲ್ಲೇ ಕೇಳ್ತೀನಿ... ನನ್ನ ಮದುವೆ ಆಗ್ತೀರಾ?"

ಅವಳ ಎದೆಯ ಬಡಿತಕ್ಕೆ ಕೆಳಗಿನ ಪಂಪಿನ ಸದ್ದೂ ಕೇಳಿಸದಂತಾಯಿತು!

"ಆಗ್ತೀನಿ... ಆದ್ರೆ ಇನ್ಮೇಲೆ 'ಬನ್ನಿ ಹೋಗಿ' ಅಂದ್ರೆ ಆಗೋದಿಲ್ಲ. 'ನೀನು' ಅನ್ಬೇಕು."

"ಆಗಲಿ... ನೀನು. ಡಾಕ್ಟರಮ್ಮ ಮಾತ್ರ ಬಿಡೋದಿಲ್ಲ."

ಕೆಳಗೆ ಮೇಜಿನ ಮೇಲೆ ಪುಸ್ತಕ ತೆರೆದೇ ಇತ್ತು. ಪೆನ್ನಿನ ಮುಚ್ಚಳ ತೆಗೆದೇ ಇತ್ತು. ಬರೆಯಬೇಕಾದ ಸಾಲು ಮಾತ್ರ ಹಾಗೆಯೇ ಉಳಿದುಹೋಯಿತು.

ನಾಳೆ ಹೇಳಿದರಾಯಿತು ಎಂದುಕೊಂಡಳು. ಆ ನಾಳೆ ಬರಲೇ ಇಲ್ಲ.

* * *

ಒಂದು ತಿಂಗಳ ನಂತರ, ಮಧ್ಯಾಹ್ನ ಊಟವಾದ ಹೊತ್ತು. ಪಂಪ್ ಮನೆಯಲ್ಲಿ ಚಿತ್ರಗುಪ್ತ ಒಬ್ಬನೇ.

ಪರದೆ ತಟ್ಟನೆ ನಿಂತಿತು. ಅಕ್ಷರಗಳು ಸಾಲುಸಾಲಾಗಿ ಬಂದವು. ಕಲಿಸಿದ ಹಾಗೆಯೇ ಅವನು ಪುಸ್ತಕ ತೆಗೆದು ಬರೆಯತೊಡಗಿದ. ಮೊದಲ ಸಾಲು ಮುಗಿಯಿತು. ಎರಡನೆಯದರ ಅರ್ಧಕ್ಕೆ ಬಂದು ತಲೆಯೆತ್ತುತ್ತಾನೆ... ಪರದೆ ಕಪ್ಪು!

ವಿದ್ಯುತ್ ಹೋಯಿತೇನೋ ಅಂದುಕೊಂಡ. ಬರೆಯಲು ಇನ್ನೇನೂ ಇಲ್ಲವಾದ್ದರಿಂದ ಕೆಳಗೆ ಓಡಿ ಒಳಹರಿವಿನ ವಾಲ್ವು ಮುಚ್ಚಿದ. ಅಲ್ಲಿಂದ ಅಂಗಳದ ತುದಿಯ ಗೇಟಿಗೆ ಓಡಿದ.

ಅವನ ಬೆನ್ನ ಹಿಂದೆ ಯಂತ್ರ ಎದ್ದಿತು. ತೊಟ್ಟಿಯ ಅಳತೆ ಬರುವ ಮೊದಲೇ 'ತೊಟ್ಟಿ ಖಾಲಿ' ಎಂದು ನಂಬಿತು. ಅವನು ಮುಚ್ಚಿದ್ದ ವಾಲ್ವನ್ನು ಪೂರ್ತಿ ತೆರೆಯಿತು.

ಬಿಗಿದ ಗೇಟನ್ನು ಬಹಳ ಹೊತ್ತು ತಿರುಗಿಸಿ ಮುಚ್ಚಿ ಅವನು ಮರಳಿ ಬರುವಷ್ಟರಲ್ಲಿ ತೊಟ್ಟಿ ಉಕ್ಕಿ, ಇಳಿಜಾರಿನ ಗೋಡೆ ಕುಸಿದು, ಕೆಳಗಿನ ಎರಡು ಮನೆಗಳೊಳಗೆ ಸೊಂಟದ ಮಟ್ಟ ನೀರು. ದೇವರ ದಯೆ, ಯಾರ ಜೀವಕ್ಕೂ ಏನೂ ಆಗಲಿಲ್ಲ. ಆದರೆ ಒಬ್ಬನ ಹೆಸರು ಆ ನೀರಿನಲ್ಲಿ ಕೊಚ್ಚಿಹೋಯಿತು.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು. ಒಂದು ಬದಿಗೆ ಮೇಲ್ವಿಚಾರಕರು, ಇನ್ನೊಂದು ಬದಿಗೆ ಕಂಪನಿಯ ಯಜಮಾನರು, ಅವರ ಪಕ್ಕದಲ್ಲಿ ಅವಳು. ಎದುರಿಗೆ ಒಂಟಿ ಕುರ್ಚಿಯಲ್ಲಿ ಅವನು. ಬಾಗಿಲ ಬಳಿಯ ಬೆಂಚಿನಲ್ಲಿ ಅವನ ಅಪ್ಪ.

"ನಾನು ವಾಲ್ವು ಮುಚ್ಚಿದ್ದೆ ಸಾರ್. ಅದು ತಾನಾಗಿ ತೆರೆದುಕೊಂಡಿತು. ಅದಕ್ಕೂ ಮೊದಲು ಯಂತ್ರ ನಿಂತಿತ್ತು."

"ನಿಂತಿದ್ರೆ ದಾಖಲೆ ಎಲ್ಲಿ?" ಮೇಲ್ವಿಚಾರಕರು ಅವಳತ್ತ ತಿರುಗಿದರು. "ನೀವು ಹೇಳಿ ಮೇಡಂ."

ಡಿಸ್ಕಿನಲ್ಲಿದ್ದದ್ದು ಇಷ್ಟೇ: ಎರಡು ಗಂಟೆ ಹನ್ನೆರಡು ನಿಮಿಷಕ್ಕೆ ಯಂತ್ರ ಮತ್ತೆ ಶುರುವಾಗಿದೆ. ಏಕೆ ನಿಂತಿತ್ತು ಎಂಬುದಿಲ್ಲ.

ಅವಳಿಗೆ ಆ ಹತ್ತರ ಅಂಕಿ ನೆನಪಾಗದೇ ಇರಲಿಲ್ಲ. *ಒಂದು ವೇಳೆ ಕರ್ನಲ್ಲೇ ನಿಂತು ಎದ್ದಿದ್ದರೆ?... ಛೇ, ಇಲ್ಲ. ಅದರ ಮುಖ್ಯ ಭಾಗ ನಾನೇ ಬರೆದದ್ದು, ನೂರು ಸಲ ಪರೀಕ್ಷೆ ಮಾಡಿದ್ದೀನಿ. ನನ್ನ ಕೋಡ್ ತಪ್ಪಿರಲು ಸಾಧ್ಯವೇ ಇಲ್ಲ.*

ಅವನು ಪುಸ್ತಕ ತೆರೆದು ಒಂದೂವರೆ ಸಾಲು ತೋರಿಸಿದ. ಅವಳು ನೋಡಿದಳು. ಮುಖ್ಯವಾದ ಮಾತು ಬರುವ ಕಡೆಗೇ ಬರಹ ನಿಂತಿತ್ತು.

"ಅಂಕಿ ಯಾರು ಬೇಕಾದ್ರೂ ಗೀಚಬಹುದು," ಯಾರೋ ನಕ್ಕರು.

ಅವಳು ತಗ್ಗಿದ ದನಿಯಲ್ಲಿ ಹೇಳಿದಳು. "ಕಾರಣ ಇಲ್ಲದೆ ಮತ್ತೆ ಶುರುವಾಗಿದೆ ಅಂದ್ರೆ... ಸಾಮಾನ್ಯವಾಗಿ ಯಾರೋ ಸ್ವಿಚ್ ಆರಿಸಿ ಹಾಕಿರ್ತಾರೆ."

ಅಷ್ಟು ಸಾಕಾಯಿತು. ಊಟ ಮಾಡಿ ನಿದ್ದೆ ಹೋಗಿದ್ದಾನೆ, ಎದ್ದಾಗ ತೊಟ್ಟಿ ಉಕ್ಕಿದೆ, ಮುಚ್ಚಿಹಾಕಲು ಸ್ವಿಚ್ ಆರಿಸಿ ಹಾಕಿ ಯಂತ್ರದ ಮೇಲೆ ದೂರು ಹೊರಿಸಿದ್ದಾನೆ... ಕೋಣೆಯಲ್ಲಿದ್ದವರೆಲ್ಲ ಒಂದೇ ಉಸಿರಿನಲ್ಲಿ ಕಥೆ ಕಟ್ಟಿಬಿಟ್ಟರು.

ಬೆಂಚಿನಲ್ಲಿದ್ದ ಅವನ ಅಪ್ಪ ಎದ್ದು, ಯಾರ ಮುಖವನ್ನೂ ನೋಡದೆ ಹೊರಗೆ ನಡೆದರು.

ಅಂಗಳದಲ್ಲಿ ಅವನು ಅವಳನ್ನು ತಡೆದ.

"ಡಾಕ್ಟರಮ್ಮಾ, ಇನ್ನೊಂದು ಸಲ ಹುಡುಕಿ ನೋಡು. ಎಲ್ಲಾದ್ರೂ ಇರುತ್ತೆ. ಅದು ಏನೋ ಹೇಳ್ತಾ ಇತ್ತು. ನಾನು ಕಣ್ಣಾರೆ ನೋಡಿದೀನಿ."

"ಹುಡುಕಬೇಕಾದ್ದೆಲ್ಲ ಹುಡುಕಿದೀನಿ." ಅವಳು ಸುತ್ತ ನೋಡಿ ಹತ್ತಿರ ಬಂದಳು. "ನಿಜ ಹೇಳು... ಕಣ್ಣು ಹತ್ತಿತ್ತಾ? ಒಂದು ಗಳಿಗೆ? ನನ್ನ ಹತ್ರ ಹೇಳಿದ್ರೆ ಏನೂ ಆಗಲ್ಲ."

ಅವನು ಅವಳನ್ನೇ ನೋಡಿದ. ಸಿಟ್ಟಿರಲಿಲ್ಲ. ಎದುರಿಗಿದ್ದವರ ಗುರುತೇ ಸಿಗದಂತೆ ನೋಡಿದ, ಅಷ್ಟೇ.

"ಸರಿ ಮೇಡಂ," ಅಂದ.

ಮರುದಿನ ಅವನು ಕೆಲಸ ಬಿಟ್ಟು, ಅಪ್ಪನನ್ನು ಕರೆದುಕೊಂಡು ಊರು ಬಿಟ್ಟಿದ್ದ.

"ಒಂದು ಮಾತು ಕೇಳ್ತೀನಿ, ಸಿಟ್ಟಾಗಬೇಡ," ಎಂದಳು ಚಿಕ್ಕಮ್ಮ, ಅಳುವ ಮಗಳ ತಲೆ ಸವರುತ್ತ. "ಅವನು ಬರೆದದ್ದು ಯಾವತ್ತಾದ್ರೂ ಸುಳ್ಳಾಗಿತ್ತಾ?"

"ನಿಮಗೆ ಇದೆಲ್ಲ ಅರ್ಥ ಆಗಲ್ಲ ಚಿಕ್ಕಮ್ಮಾ!"

"ಅದೂ ಸರಿ. ಯಂತ್ರ ನನಗೆ ಅರ್ಥ ಆಗಲ್ಲ."

* * *

ಮೂರು ವರ್ಷ ಕಳೆಯಿತು. ಆ ಪಂಪ್ ಮನೆಗೆ ಹೊಸ ಯಂತ್ರ ಹೋಯಿತು, ಹಳೆಯದು ಕಂಪನಿಯ ಕೆಲಸದ ಕೋಣೆಗೆ ಮರಳಿತು. ಧೂಳು, ಒಂದು ಸತ್ತ ಜೇಡ, ಮೂಲೆಯಲ್ಲಿ ಒಣಗಿದ ನೀರಿನ ಕಲೆ. ಗುಜರಿಗೆ ಕಳಿಸುವ ಮೊದಲು ಒಳಗಿರುವುದನ್ನೆಲ್ಲ ಅಳಿಸುವುದು ಅವಳ ಕೆಲಸ.

ಅಳಿಸುವ ಮುನ್ನ ಸುಮ್ಮನೆ ಒಂದು ಸಲ ಒಳಗೆ ಕಣ್ಣಾಡಿಸಿದಳು.

ಆ ಯಂತ್ರದ ಸರ್ಕ್ಯೂಟ್ ಬೋರ್ಡನ್ನು ಮಾಡಿದ ಹಿರಿಯರೊಬ್ಬರು ಅದರಲ್ಲಿ ಒಂದು ಸಣ್ಣ ಮೆಮೊರಿ ಚಿಪ್‌ಗೆ ಜಾಗ ಬಿಟ್ಟಿದ್ದರು. ಕರ್ನಲ್ ನಿಲ್ಲುವಾಗ ಡಿಸ್ಕನ್ನು ಮುಟ್ಟುವುದಿಲ್ಲ, ಆದರೆ ತನ್ನ ಕಡೆಯ ಮಾತಿನ ಒಂದು ಪ್ರತಿಯನ್ನು ಈ ಚಿಪ್‌ನಲ್ಲಿ ಇಟ್ಟು ಹೋಗಬಲ್ಲದು. ಸಾಯುವ ಮುನ್ನ ದಿಂಬಿನ ಕೆಳಗೆ ಚೀಟಿ ಇಟ್ಟ ಹಾಗೆ. ಯಾರಾದರೂ ತೆಗೆಯುವವರೆಗೆ, ಇಲ್ಲವೇ ಯಂತ್ರ ಮತ್ತೊಮ್ಮೆ ನಿಂತು ಅದರ ಜಾಗಕ್ಕೆ ಹೊಸದು ಬರುವವರೆಗೆ, ಅದು ಅಲ್ಲೇ ಇರುತ್ತದೆ. ಈ ಮಾದರಿಯಲ್ಲಿ ಅದು ಕೆಲಸ ಮಾಡುವುದಿಲ್ಲವೆಂದು ಅವಳು ನಂಬಿದ್ದಳು. ತೆರೆದು ನೋಡಿರಲಿಲ್ಲ.

ತೆರೆದಳು.

ಒಂದೇ ಒಂದು ಕಡತ. ದಿನಾಂಕ ಅದೇ! ಸಮಯ ಎರಡು ಗಂಟೆ ಹನ್ನೊಂದು ನಿಮಿಷ!

ಅವಳು ಮೇಜಿನ ಕೆಳಗಿನ ಖಾನೆಯಿಂದ ವಿಚಾರಣೆಯ ಹಳೆಯ ಫೈಲು ಎಳೆದಳು. ಅದರಲ್ಲಿ ಅವನ ಪುಸ್ತಕದ ಆ ಪುಟದ ಜೆರಾಕ್ಸ್ ಇತ್ತು. ಒಂದು ಕಣ್ಣು ಪರದೆಯ ಮೇಲೆ, ಒಂದು ಕಣ್ಣು ಕಾಗದದ ಮೇಲೆ ಇಟ್ಟು ಬೆರಳಿನಿಂದ ಒಂದೊಂದೇ ಅಕ್ಷರ ಮುಟ್ಟಿದಳು.

ಮೊದಲ ಸಾಲು, ಅಂಕಿಗೆ ಅಂಕಿ ಸರಿ.

ಎರಡನೇ ಸಾಲಿನ ಅರ್ಧ... ಅದೂ ಸರಿ. ಎಲ್ಲಿ ಅವನ ಶಾಯಿ ನಿಂತಿತ್ತೋ ಅಲ್ಲಿಂದ ಮುಂದೆ ಪರದೆಯ ಮೇಲೆ ಉಳಿದ ಅರ್ಧ ಸಾಲು. ಅದರಲ್ಲಿ, ತಪ್ಪು ಮಾಡಿದ ಭಾಗದ ಹೆಸರು.

ಅದು ಅವಳು ಬರೆದ ಭಾಗ.

ಅವಳು ಕಣ್ಣು ಮುಚ್ಚಿದಳು. *ಯಂತ್ರ ನಿಜ ಹೇಳಿತ್ತು. ಅವನೂ ನಿಜ ಹೇಳಿದ್ದ. ತಪ್ಪಿರಬಹುದು ಅಂತ ಹೊಳೆದ ಮೇಲೂ ನಿಲ್ಲದೆ ಮುಂದಕ್ಕೆ ಹೋದವಳು ನಾನೊಬ್ಬಳೇ... ದೇವರೇ, ಇದನ್ನು ತೆರೆದು ನೋಡಲು ಅರ್ಧ ನಿಮಿಷ ಸಾಕಿತ್ತು!*

ಕಡತವನ್ನು ಕಾಗದದ ಮೇಲೆ ಅಚ್ಚು ಹಾಕಿಕೊಂಡು ಅವಳು ಯಜಮಾನರ ಕೋಣೆಗೆ ನಡೆದಳು.

ಯಜಮಾನರು ವಿಷಯ ಕೇಳಿ ಕನ್ನಡಕ ತೆಗೆದರು.

"ಮೂರು ವರ್ಷ ಆಯ್ತಮ್ಮಾ. ಈಗ ಯಾರು ಕೇಳ್ತಾರೆ?"

"ನಾನು ಕೇಳ್ತೀನಿ ಸಾರ್."

"ಕಂಪನಿಯ ಹೆಸರು..."

"ಅವನಿಗೂ ಒಂದು ಹೆಸರಿತ್ತು."

ಅವಳು ನೀರು ಸರಬರಾಜಿನವರಿಗೆ ಪತ್ರ ಬರೆದಳು. ತಪ್ಪು ನನ್ನ ಕೋಡಿನದು, ಅಂಕಿ ಬದಲಾಯಿಸಿ ಪುಸ್ತಕದಲ್ಲಿ ಬರೆಯದೇ ಇದ್ದವಳು ನಾನು, ಅಂದು ಆಡಿದ ಮಾತೂ ನನ್ನದು. ಕೆಳಗೆ ಸಹಿ. ಹದಿನೈದು ದಿನಕ್ಕೆ ಉತ್ತರ ಬಂತು: ಅವನ ಮೇಲಿನ ಆರೋಪವನ್ನು ದಾಖಲೆಯಿಂದ ತೆಗೆಯಲಾಗಿದೆ. ಅವನ ಹೊಸ ವಿಳಾಸವೂ ಅದರಲ್ಲಿತ್ತು.

ಹೊರಡುವ ದಿನ ಬೆಳಿಗ್ಗೆ ಅವಳು ಬಟ್ಟೆಗೆ ಮೂರನೇ ಸಲ ಇಸ್ತ್ರಿ ಹಾಕುತ್ತಿದ್ದಳು.

"ಸಾಕು ಬಿಡೇ," ಎಂದಳು ಚಿಕ್ಕಮ್ಮ. "ಕ್ಷಮೆ ಕೇಳೋಕೆ ಹೋಗೋಳಿಗೆ ಮಡಿಕೆ ಯಾಕೆ? ಹೇಗೂ ಅತ್ತು ಒದ್ದೆ ಮಾಡ್ಕೋತೀಯ."

"ಅವನು ಮಾತೇ ಆಡದಿದ್ರೆ ಚಿಕ್ಕಮ್ಮಾ?"

"ಆಡದಿದ್ರೆ ಕೇಳಿಸ್ಕೊಳ್ತಾನಲ್ಲ. ನೀನು ಆವತ್ತು ಅಷ್ಟೂ ಮಾಡಲಿಲ್ಲ."

* * *

ಅದು ನದಿಯ ದಡದ ಒಂದು ಸಣ್ಣ ಕೋಣೆ. ನೀರಿನೊಳಗೆ ಅಳತೆಯ ಗುರುತಿರುವ ಕಂಬ ನೆಟ್ಟಿದ್ದರು. ದಿನಕ್ಕೆ ಮೂರು ಸಲ ಮಟ್ಟ ನೋಡಿ ಬರೆಯುವುದು, ಅಷ್ಟೇ ಕೆಲಸ. ಕಂಪ್ಯೂಟರಿನ ಸುಳಿವೂ ಇರಲಿಲ್ಲ.

ಅವನು ಮೆಟ್ಟಿಲ ಮೇಲೆ ಕೂತು ಮಧ್ಯಾಹ್ನದ ಮಟ್ಟ ಬರೆಯುತ್ತಿದ್ದ. ಕಿವಿಯ ಬಳಿ ಕೂದಲು ನರೆತಿತ್ತು. ನೆರಳು ಪುಟದ ಮೇಲೆ ಬಿದ್ದಾಗ ತಲೆಯೆತ್ತಿದ.

"ಬನ್ನಿ ಮೇಡಂ."

ಆ 'ಮೇಡಂ' ಅವಳ ಎದೆಯಲ್ಲಿ ಮುಳ್ಳಿನಂತೆ ಮುರಿಯಿತು.

"ಕೂರಬಹುದಾ?"

"ಸರ್ಕಾರಿ ಮೆಟ್ಟಿಲು. ಯಾರು ಬೇಕಾದ್ರೂ ಕೂರಬಹುದು."

ಅವಳು ಎರಡು ಮೆಟ್ಟಿಲು ಕೆಳಗೆ ಕೂತಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳೆಲ್ಲ ನದಿಗೆ ಹೋದವು. ಚೀಲದಿಂದ ಕಾಗದ ತೆಗೆದು ಬರಿದೇ ಹಿಡಿದುಕೊಂಡಳು.

"ಸಿಕ್ತು."

"ಏನು?"

"ಅದು ಆವತ್ತು ಹೇಳ್ತಾ ಇತ್ತಲ್ಲ... ಅದು. ಯಂತ್ರದ ಒಳಗೇ ಇತ್ತು, ಇಷ್ಟು ದಿನ. ತಪ್ಪು ನನ್ನದು. ಕೋಡೂ ನನ್ನದೇ. ನಿಂತ ಹತ್ತು ಸೆಕೆಂಡಿಗೆ ಮತ್ತೆ ಶುರುವಾಗೋ ಹಾಗೆ ಬದಲಾಯಿಸಿದ್ದು ನಾನೇ. ನೀನು... ನೀವು ಮೆಟ್ಟಿಲ ಮೇಲೆ ಕರೆದ ಸಂಜೆ. ಪುಸ್ತಕದಲ್ಲಿ ಬರೆಯೋಕೆ ಪೆನ್ನು ತೆಗೆದಿದ್ದೆ..."

ಅವಳು ಕಾಗದ ಬಿಚ್ಚಿ ಮಂಡಿಯ ಮೇಲೆ ಹರಡಿದಳು.

ನದಿ ಕಂಬವನ್ನು ಸುತ್ತಿ ಹರಿಯುತ್ತಲೇ ಇತ್ತು. ಅವನು ಮಟ್ಟದ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟ.

"ಅಪ್ಪ ಹೋದ್ರು," ಅಂದ. "ಹೋದ ಚಳಿಗಾಲ."

"ಅಯ್ಯೋ..."

"ಕಡೆವರೆಗೂ ಒಂದು ಮಾತು ಬೈಯಲಿಲ್ಲ. ದಿನಾ ಊಟ ಆದ್ಮೇಲೆ ನನ್ನ ಪಕ್ಕ ಬಂದು ಕೂತ್ಕೊಳ್ತಿದ್ರು. ನಾನು ನಿದ್ದೆ ಹೋಗದ ಹಾಗೆ ಕಾವಲು. ಬೈದಿದ್ರೆ ಚೆನ್ನಾಗಿರ್ತಿತ್ತು."

ಅವಳು ತಲೆ ಎತ್ತಲಿಲ್ಲ. ಕ್ಷಮಿಸು ಎಂಬ ಮಾತು ಇದರ ಎದುರಿಗೆ ಎಷ್ಟು ಸಣ್ಣದು! ದಾಖಲೆ ತಿದ್ದಬಹುದು. ಆ ಮುದುಕರ ಪಕ್ಕ ಕೂತು 'ನಿಮ್ಮ ಮಗ ನಿದ್ದೆ ಹೋಗಿರಲಿಲ್ಲ' ಎಂದು ಹೇಳಲು ಈಗ ಯಾವ ಬಸ್ಸೂ ಇಲ್ಲ.

"ಕ್ಷಮೆ ಕೇಳೋ ಯೋಗ್ಯತೆ ನನಗಿಲ್ಲ," ಎಂದಳು. "ಇದನ್ನ ಕೊಟ್ಟು ಹೋಗೋಣ ಅಂತ ಬಂದೆ. ಆವತ್ತು ನೀವು ಒಂದು ಮಾತು ಕೇಳಿದ್ರಿ, ಇನ್ನೊಂದು ಸಲ ಹುಡುಕು ಅಂತ. ನಾನು ಹುಡುಕಲಿಲ್ಲ. ಯಂತ್ರಕ್ಕಿಂತ ಮೊದಲು ನಿಮ್ಮನ್ನ ನಂಬಬೇಕಿತ್ತು."

ಕಾಗದವನ್ನು ಮೆಟ್ಟಿಲ ಮೇಲಿಟ್ಟು, ಗಾಳಿಗೆ ಹಾರದಂತೆ ಒಂದು ಕಲ್ಲು ಇಟ್ಟಳು. ಎದ್ದಳು.

"ನಿಲ್ಲಿ."

ಅವನು ಕೋಣೆಯೊಳಗೆ ಹೋದ. ಬಂದಾಗ ಕೈಯಲ್ಲಿ ಒಂದು ಹಳೆಯ ಉದ್ದನೆಯ ಪುಸ್ತಕ. ಅವಳಿಗೆ ಅದರ ರಟ್ಟಿನ ಗುರುತು ಸಿಕ್ಕಿತು.

"ಇದು... ಇಟ್ಕೊಂಡಿದ್ರಾ?"

"ಅರ್ಧ ಸಾಲು ಬಾಕಿ ಇತ್ತಲ್ಲ. ಹೇಗೆ ಬಿಸಾಡೋದು?"

ಆ ಪುಟ ತೆರೆದ. ಒಂದೂವರೆ ಸಾಲು, ಆಮೇಲೆ ಪೂರ್ತಿ ಖಾಲಿ. ಪೆನ್ನು ತೆಗೆದು, ಅರ್ಧಕ್ಕೆ ನಿಂತ ಕೊನೆಯ ಅಕ್ಷರದ ಪಕ್ಕ ತುದಿ ಊರಿದ.

"ಓದಿ."

"ಏನು?"

"ಮುಂದಿನದು ಓದಿ. ಬರ್ಕೋತೀನಿ."

ಅವಳು ಮತ್ತೆ ಕೂತಳು. ಕಲ್ಲು ತೆಗೆದು, ಕಾಗದ ಎತ್ತಿ, ಓದತೊಡಗಿದಳು. ಒಂದೊಂದೇ ಅಂಕಿ, ಒಂದೊಂದೇ ಅಕ್ಷರ. ಅವನು ಒಂದೊಂದನ್ನೂ ದುಂಡಗೆ ಬರೆದ. ಅವಳ ಕೋಡಿನ ಭಾಗದ ಹೆಸರು ಬಂದಾಗ ದನಿ ಒಡೆಯಿತು. ಅವನು ಪೆನ್ನು ಎತ್ತದೆ ಕಾದ. ಅವಳು ಕಣ್ಣೊರೆಸಿಕೊಂಡು ಮುಂದೆ ಓದಿದಳು.

ಮೂವತ್ತಾರು ಸಾಲು. ಕಡೆಯ ಸಾಲು ಬರೆದು, ಶಾಯಿ ಆರಲೆಂದು ಪುಟಕ್ಕೆ ಊದಿದ. ಆಮೇಲೆ ಪುಸ್ತಕವನ್ನು ಅವಳತ್ತ ತಿರುಗಿಸಿದ.

"ಬದಲಾವಣೆ ಮಾಡಿದೋರು ಬರೆದು ಸಹಿ ಹಾಕಬೇಕು. ಅಪ್ಪನ ನಿಯಮ."

ಅವಳು ಪೆನ್ನು ತೆಗೆದುಕೊಂಡಳು. *ಸೊನ್ನೆಯನ್ನು ಹತ್ತು ಮಾಡಿದ್ದೇನೆ* ಎಂದು, ಆ ಹಳೆಯ ಸಂಜೆಯ ದಿನಾಂಕ ಹಾಕಿ, ಸಹಿ ಮಾಡಿದಳು. ಒಂದು ಹನಿ ಸಹಿಯ ಮೇಲೆ ಬಿದ್ದು ಶಾಯಿ ಹರಡಿತು.

"ಚಿತ್ತು ಮಾಡ್ಬಿಟ್ಟೆ..."

"ಇರಲಿ. ನನ್ನ ಪುಸ್ತಕದಲ್ಲಿ ಇದೊಂದೇ ಚಿತ್ತು." ಅವನ ಮೀಸೆಯ ಮರೆಯಲ್ಲಿ ಏನೋ ಅಲುಗಿತು. ಅದು ನಗುವಾಗಲು ಇನ್ನೂ ಹೆದರುತ್ತಿತ್ತು. "ನೋವು ಹೋಗಿದೆ ಅಂತ ಹೇಳಲ್ಲ. ಅಪ್ಪ ಕೂರ್ತಿದ್ದ ಕುರ್ಚಿ ನೋಡಿದಾಗೆಲ್ಲ ಬರುತ್ತೆ. ನಾಳೆಯೂ ಬರುತ್ತೆ."

"ಬಂದಾಗ ನನಗೆ ಹೇಳಬಹುದಾ?"

"ದಿನಾ ಎರಡು ಬಸ್ಸು ಹತ್ತಿ ಬರೋಕಾಗುತ್ತಾ?"

"ಬರ್ತೀನಿ."

ಅವನು ಅವಳ ಪಕ್ಕದ ಮೆಟ್ಟಿಲಿಗೆ ಇಳಿದು ಕೂತ. ನದಿಯ ಮೇಲೆ ಬಿಸಿಲು ಇಳಿಯುತ್ತಿತ್ತು. ಸಂಜೆಯ ಮಟ್ಟ ಬರೆಯುವ ಹೊತ್ತು ಹತ್ತಿರವಾಗುತ್ತಿತ್ತು.

"ಈಗ ನಿನ್ನ ಯಂತ್ರಗಳಿಗೆ ಎಷ್ಟು ಸೆಕೆಂಡು ಇಟ್ಟಿದೀಯ?"

*ನಿನ್ನ!* ಅವಳು ಅವನ ಕಡೆ ತಿರುಗಿದಳು.

"ಸೊನ್ನೆ. ಎಲ್ಲದಕ್ಕೂ ಸೊನ್ನೆ. ಯಾರಾದ್ರೂ ಬಂದು ಓದೋವರೆಗೂ ನಿಂತು ಕಾಯುತ್ತೆ."

"ಓದೋರು ತಡ ಮಾಡಿದ್ರೆ?"

"ಆದ್ರೂ ಕಾಯುತ್ತೆ."

"ಮೂರು ವರ್ಷ ತಡ ಮಾಡಿದ್ರೆ?"

ಅವನೇ ಪುಸ್ತಕ ಮುಚ್ಚಿ, ಅವಳ ಒದ್ದೆ ಕೈಯಿಂದ ಪೆನ್ನನ್ನು ಮೆಲ್ಲನೆ ತೆಗೆದುಕೊಂಡು, ಆ ಕೈಯನ್ನು ಮಾತ್ರ ಬಿಡಲಿಲ್ಲ.

"ಕಾಯುತ್ತೆ, ಡಾಕ್ಟರಮ್ಮ. ನನಗೆ ಗೊತ್ತು."